ಇಂದಿನ ಧಮ್ಮ ಚಿಂತನೆ: ಕೇಳುವವರಿಲ್ಲದ ವಾದ್ಯ



ಉಪಾಸಕ ಉಪಾಸಿಕೆಯರೇ, ಈ ವಾರ ನಮ್ಮ ಗುಂಪಿನಲ್ಲಿ ನಡೆದ ಚರ್ಚೆಯನ್ನೇ ಇಂದಿನ ಚಿಂತನೆಗೆ ತೆಗೆದುಕೊಂಡಿದ್ದೇನೆ. ರಾಮದುರ್ಗ ಕಡೆಯ ನಮ್ಮ ಉಪಾಸಕರೊಬ್ಬರು ತಮ್ಮ ಹಳೆಯ ಬೇಸ್ ಗಿಟಾರಿನ ಫೋಟೊ ಹಾಕಿ, "ಯಾರರ ತಗೊಳ್ಳೋರಿದ್ದರ ಹೇಳ್ರಿ" ಎಂದು ಬರೆದಿದ್ದರು. ಅವರು ಹದಿನೈದು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರು. ಜಾತ್ರೆಯ ರಸಮಂಜರಿ, ಮದುವೆ, ಗಣಪತಿ ಹಬ್ಬ, ಏಪ್ರಿಲ್ 14ರ ವೇದಿಕೆ ಎಲ್ಲ ಕಡೆ ಆ ವಾದ್ಯ ಹೆಗಲ ಮೇಲೆ ತಿರುಗಿದೆ. ಈಗ ಮೂರು ವರ್ಷದಿಂದ ಒಂದು ಕರೆಯೂ ಬಂದಿಲ್ಲ. 12,000 ರೂಪಾಯಿಗೆ ಕೊಂಡದ್ದನ್ನು ಜನ 3,000ಕ್ಕೆ ಕೇಳುತ್ತಿದ್ದಾರೆ.

ಗುಂಪಿನಲ್ಲಿ ಎರಡು ಬಗೆಯ ಉತ್ತರ ಬಂದವು. ಒಬ್ಬರು, "ಅಣ್ಣಾರ, ಕಲೆ ಮಾರಬ್ಯಾಡ್ರಿ, ಅದು ತಾಯಿ ಇದ್ದಂಗ" ಎಂದರು. ಇನ್ನೊಬ್ಬರು, "ಎಲ್ಲಾ ಅನಿತ್ಯ ಐತಿ, ಅಂಟಿಕೋಬಾರದು, ಮಾರಿ ಹಗುರಾಗ್ರಿ" ಎಂದರು. ಎರಡೂ ಪ್ರೀತಿಯಿಂದ ಬಂದ ಮಾತೇ. ಆದರೆ ಮೊದಲಿನ ಮಾತು ಮಾರುವವರ ಮನೆಯ ಒಲೆಯ ಕಡೆ ನೋಡುವುದಿಲ್ಲ. ಎರಡನೆಯದರ ಬಗ್ಗೆ ಇಷ್ಟೇ ಹೇಳುತ್ತೇನೆ: ಇನ್ನೊಬ್ಬರ ನಷ್ಟಕ್ಕೆ ನಾವು ಅನಿತ್ಯ ಹೇಳುವುದು ಬಹಳ ಸುಲಭ.

ವಾದ್ಯ ಮಾರುವುದು ತಪ್ಪೇ? ಇದಕ್ಕೆ ಉತ್ತರ ಕಷ್ಟದ್ದಲ್ಲ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಹೆಸರಿಸಿದ್ದಾರೆ: ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ. ವಾದ್ಯ ಅಲ್ಲಿಲ್ಲ. ಹಳೆಯ ವಸ್ತುವಿನ ಮಾರಾಟದಲ್ಲಿ ತಪ್ಪು ನುಸುಳುವುದು ಬೇರೆ ದಾರಿಯಿಂದ, ಮುಚ್ಚಿಡುವುದರಿಂದ. ಗಿಟಾರಿನ ಕುತ್ತಿಗೆ ಬಿಸಿಲಿಗೆ ಬಾಗಿರುತ್ತದೆ, ಬೆರಳು ಒತ್ತುವ ಪಟ್ಟಿಗಳು ಸವೆದಿರುತ್ತವೆ, ವೈರ್ ಚುಚ್ಚುವ ಜಾಕ್ ಕರಕರ ಅನ್ನುತ್ತಿರುತ್ತದೆ. ಕೊಳ್ಳಲು ಬರುವವನು ಸಾಮಾನ್ಯವಾಗಿ ಹೊಸದಾಗಿ ಕಲಿಯುವ ಹುಡುಗ, ಅವನಿಗೆ ಇದೊಂದೂ ತಿಳಿಯುವುದಿಲ್ಲ. ನಮ್ಮ ಉಪಾಸಕರು ಫೋಟೊದ ಕೆಳಗೇ ಬರೆದಿದ್ದರು: "ಜಾಕ್ ರಿಪೇರಿ ಐತಿ, ತಂತಿ ಹೊಸಾವು ಹಾಕಬೇಕು, ಮೂರನೇ ಪಟ್ಟಿ ಸವದೈತಿ." ಸಮ್ಮಾ ಆಜೀವ ಎಂದರೆ ಏನು ಎಂದು ನಾವು ರವಿವಾರ ರವಿವಾರ ಕೂತು ಓದುತ್ತೇವಲ್ಲ, ಅದು ಈ ಒಂದು ಸಾಲಿನಲ್ಲಿದೆ.

ಸಂಗೀತವೇ ತ್ಯಾಜ್ಯವಲ್ಲವೇ, ಶೀಲದಲ್ಲಿ ನೃತ್ಯ ಗೀತ ವಾದ್ಯ ಬಿಡಬೇಕೆಂದಿದೆಯಲ್ಲ ಎಂದು ಒಬ್ಬ ತಾಯಿ ಕೇಳಿದ್ದಾರೆ. ಯವ್ವಾ, ಅದು ಅಷ್ಟಶೀಲದಲ್ಲಿ ಬರುವ ಮಾತು, ಉಪೋಸಥದ ದಿನದ ವ್ರತ. ನಿತ್ಯ ಪಾಲಿಸುವ ಪಂಚಶೀಲದಲ್ಲಿ ಅದಿಲ್ಲ. ಬಾಬಾಸಾಹೇಬರಂತೂ ತಮ್ಮ ಕೊನೆಯ ವರ್ಷಗಳಲ್ಲಿ, ಅಷ್ಟು ಕೆಲಸದ ನಡುವೆ, ಪಿಟೀಲು ಕಲಿಯುತ್ತಿದ್ದರು. ಆ ಪಿಟೀಲನ್ನು ಪುಣೆಯ ಸಿಂಬಯೋಸಿಸ್ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಕಷ್ಟದ ಪ್ರಶ್ನೆ ಬೇರೆಯದೇ ಇದೆ. ವಾದ್ಯ ಮಾರಿದಾಗ ಹೋಗುವುದು ಏನು?

ಸೋಣನಿಗೆ ಹೇಳಿದ ವೀಣೆಯ ಹೋಲಿಕೆ, ತಂತಿ ಬಹಳ ಬಿಗಿಯಾಗಬಾರದು, ಬಹಳ ಸಡಿಲವೂ ಆಗಬಾರದು ಎಂಬುದು, ನಮಗೆಲ್ಲ ಬಾಯಿಪಾಠ. ಸಂಯುತ್ತ ನಿಕಾಯದಲ್ಲಿ ಇನ್ನೊಂದು ವೀಣೆಯ ಕಥೆಯಿದೆ, ಅದನ್ನು ನಾವು ಅಷ್ಟು ಹೇಳಿಕೊಳ್ಳುವುದಿಲ್ಲ. ಎಂದೂ ವೀಣೆ ಕೇಳದ ಒಬ್ಬ ರಾಜ ಅದರ ದನಿಗೆ ಮರುಳಾಗುತ್ತಾನೆ. ಅದೇನೆಂದು ಕೇಳಿದರೆ, ವೀಣೆ ಎನ್ನುತ್ತಾರೆ. ತರಿಸುತ್ತಾನೆ. ಈ ಕಟ್ಟಿಗೆ ನನಗೆ ಬೇಡ, ಆ ದನಿಯನ್ನು ತನ್ನಿ ಎನ್ನುತ್ತಾನೆ. ಬುರುಡೆ, ಚರ್ಮ, ದಂಡ, ತಂತಿ, ಮೀಟುವ ಕಡ್ಡಿ, ಇವುಗಳ ಜೊತೆಗೆ ನುಡಿಸುವವನ ಶ್ರಮ ಸೇರಿದರೆ ಮಾತ್ರ ದನಿ ಹುಟ್ಟುತ್ತದೆ ಎಂದು ಜನ ಬಿಡಿಸಿ ಹೇಳುತ್ತಾರೆ. ರಾಜ ಒಪ್ಪುವುದಿಲ್ಲ. ವೀಣೆಯನ್ನು ಸೀಳಿಸುತ್ತಾನೆ, ಚೂರು ಮಾಡಿಸುತ್ತಾನೆ, ಸುಟ್ಟು ಬೂದಿ ಮಾಡಿ ಗಾಳಿಗೆ ತೂರಿಸುತ್ತಾನೆ. ದನಿ ಸಿಗುವುದಿಲ್ಲ. ಕೊನೆಗೆ, ಜನರನ್ನು ಮರುಳು ಮಾಡಿದ ಕೆಲಸಕ್ಕೆ ಬಾರದ ವಸ್ತು ಇದು ಎಂದು ವೀಣೆಯನ್ನೇ ಬೈಯುತ್ತಾನೆ.

'ನಾನು' ಎಂಬುದನ್ನು ಹುಡುಕುವವನಿಗೆ ಭಗವಾನರು ಹೇಳಿದ ಕಥೆ ಇದು. ಈ ಸಂದರ್ಭಕ್ಕೂ ಅದು ಸರಿಯಾಗಿ ಹೊಂದುತ್ತದೆ. ದನಿ ಕಟ್ಟಿಗೆಯಲ್ಲಿ ಕೂತಿಲ್ಲ, ಹೇತುಗಳು ಕೂಡಿದಾಗ ಹುಟ್ಟುತ್ತದೆ. ಹಾಗಾಗಿ ಗಿಟಾರು ಮಾರಿದರೆ ಕಲೆ ಮಾರಿದಂತೆ ಎಂಬ ಮಾತು ನಿಲ್ಲುವುದಿಲ್ಲ. ಆ ಹೇತುಗಳ ಸಾಲಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಕೇಳುವವನು. ವೇದಿಕೆಯ ಮುಂದೆ ಕೂತು ಗಮನ ಕೊಟ್ಟು ಕೇಳುವವನೂ ಸಂಗೀತಕ್ಕೆ ಒಂದು ಹೇತು. ನಮ್ಮ ಉಪಾಸಕರ ಬಳಿ ಕಟ್ಟಿಗೆ ಇದೆ, ತಂತಿ ಇದೆ, ಬೆರಳು ಇನ್ನೂ ಚುರುಕಾಗಿವೆ. ಇಲ್ಲದ್ದು ಇದೊಂದೇ.

ಬೇಸ್ ಗಿಟಾರಿನ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಆರ್ಕೆಸ್ಟ್ರಾದಲ್ಲಿ ಜನ ಗಾಯಕರನ್ನು ನೋಡುತ್ತಾರೆ, ಕೀಬೋರ್ಡ್ ನೋಡುತ್ತಾರೆ, ತಬಲಾ ಢೋಲಕ್ಕಿಗೆ ಸೀಟಿ ಹೊಡೆಯುತ್ತಾರೆ. ಬೇಸ್ ನುಡಿಸುವವನು ಹಿಂದೆ, ಪರದೆಯ ಹತ್ತಿರ ನಿಂತಿರುತ್ತಾನೆ. ಅವನು ನುಡಿಸುವುದು ಕಿವಿಗಿಂತ ಎದೆಗೆ ತಟ್ಟುವ ದನಿ. ಇದ್ದಾಗ ಗೊತ್ತಾಗುವುದಿಲ್ಲ, ನಿಂತಾಗ ಹಾಡು ಪೊಳ್ಳಾಯಿತು ಅನ್ನಿಸುತ್ತದೆ. ಅದಕ್ಕೇ ಮೊದಲು ಕೆಲಸ ಕಳೆದುಕೊಂಡವನು ಅವನು. ಕೀಬೋರ್ಡಿನವನು ಎಡಗೈಯಲ್ಲಿ ಆ ಸ್ವರ ಒತ್ತಿದರೆ ಒಬ್ಬರ ಸಂಬಳ ಉಳಿಯಿತು. ಆಮೇಲೆ ಢೋಲಕ್ಕಿಯ ಬದಲಿಗೆ ಪ್ಯಾಡ್ ಬಂತು. ಆಮೇಲೆ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಬಂತು, ಗಾಯಕರಿಬ್ಬರು ಬಂದರೆ ಸಾಕಾಯಿತು. ಈಗ ಗಾಯಕರೂ ಬೇಕಿಲ್ಲ, ಟ್ರ್ಯಾಕ್ಟರಿನ ಮೇಲೆ ಡಿಜೆ ಬರುತ್ತದೆ. ಒಂದೇ ದಿನದಲ್ಲಿ ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ. ಒಂದು ಎಳೆ ಕಿತ್ತಾಗ ಕೇಳುಗರು ಸುಮ್ಮನಿದ್ದರು, ಎರಡನೆಯದು ಕಿತ್ತಾಗಲೂ ಸುಮ್ಮನಿದ್ದರು.

ಈ ಮಾತು ನಮಗೇಕೆ ಹೆಚ್ಚು ತಾಗಬೇಕು ಎಂದು ಕೇಳಬಹುದು. ನಮಗೂ ವಾದ್ಯಕ್ಕೂ ಇರುವ ಸಂಬಂಧ ಉಳಿದವರ ಹಾಗಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರ ಕೈಯಲ್ಲಿ ಹಲಗಿ ಇತ್ತು. ಊರಲ್ಲಿ ಡಂಗುರ ಸಾರಬೇಕು, ಹೆಣದ ಮುಂದೆ ಬಾರಿಸಬೇಕು, ಜಾತ್ರೆಯಲ್ಲಿ ಬಾರಿಸಬೇಕು, ಆದರೆ ಗುಡಿಯ ಹೊಸ್ತಿಲು ಮುಟ್ಟಬಾರದು. ಅವರ ಹಲಗಿ ಊರಿಗೆಲ್ಲ ಕೇಳಿಸುತ್ತಿತ್ತು. ಅದನ್ನು ಯಾರೂ ಕೂತು ಕೇಳಲಿಲ್ಲ. ಕೇಳಿಸುವುದಕ್ಕೂ ಕೇಳುವುದಕ್ಕೂ ಇರುವ ಅಂತರ ನಮ್ಮವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ?

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದು ಕರೆ ಕೊಟ್ಟರು. ಆ ದಾರಿಯಲ್ಲೇ ಎಷ್ಟೋ ಊರುಗಳಲ್ಲಿ ನಮ್ಮವರು ಹಲಗಿಯನ್ನೂ ಕೆಳಗಿಟ್ಟರು. ಅದೂ ವಾದ್ಯವನ್ನು ಬಿಟ್ಟದ್ದೇ. ಆದರೆ ಅದು ತಿಳಿದು ಬಿಟ್ಟದ್ದು. ಬಹಿಷ್ಕಾರ ಹಾಕಿಸಿಕೊಂಡು, ಕೂಲಿ ಕಳೆದುಕೊಂಡು ಬಿಟ್ಟರು. ಮುಂದೆ ಎಪ್ಪತ್ತರ ದಶಕದ ನಂತರ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅದೇ ವಾದ್ಯ ಮತ್ತೆ ಕೈಗೆ ಬಂತು, ಈ ಸಲ ಯಾರ ಅಪ್ಪಣೆಯೂ ಇಲ್ಲದೆ. 2023ರಲ್ಲಿ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಚರ್ಮ ಅದೇ, ಚೌಕಟ್ಟು ಅದೇ. ಒಂದು ಕಡೆ ಬಿಟ್ಟಿ ಚಾಕರಿ, ಇನ್ನೊಂದು ಕಡೆ ಘೋಷಣೆ. ಅನಾತ್ಮವನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಸವದತ್ತಿಯವರಿಗೆ ಚೌಡಿಕೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಒಂಟಿ ತಂತಿಯ ಆ ವಾದ್ಯದ ಹಿಂದೆ ಮುತ್ತು ಕಟ್ಟಿಸಿಕೊಂಡ ನಮ್ಮ ಎಷ್ಟು ಹೆಣ್ಣುಮಕ್ಕಳ ಬಾಳು ಇದೆಯೆಂದು ನಿಮಗೆ ಗೊತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಮೇಲೂ ಆ ನೋವು ಒಮ್ಮೆಲೇ ನಿಲ್ಲಲಿಲ್ಲ. ಅಂಥ ಚೌಡಿಕೆ ಮನೆಯಲ್ಲಿ ಬೇಡ ಎಂದು ಒಬ್ಬ ತಾಯಿ ಅದನ್ನು ಕೊಟ್ಟುಬಿಟ್ಟರೆ, ಕಲೆ ಉಳಿಸಿ ಎಂದು ಬುದ್ಧಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಅದೇ ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದೂ ನಿಜ. ಎರಡೂ ನಿಜ ಇರಲಿ.

ಹಾಗೆಯೇ, ಹಿಂದೆ ಜನ ಎಷ್ಟು ಚೆಂದ ಕೂತು ಕೇಳುತ್ತಿದ್ದರು ಎಂದು ಹಳೆಯ ಕಾಲಕ್ಕೆ ಪೂರ್ತಿ ಕಣ್ಣೀರು ಹಾಕಲು ನನ್ನಿಂದಾಗದು. ಬೈಲಹೊಂಗಲದ ಘಟನೆಯೆಂದೇ ಹೇಳುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ಈ ಸೀಮೆಯ ಜನ ಬೆಳತನಕ ಕೂತು ನೋಡುತ್ತಿದ್ದರು. ಹಾರ್ಮೋನಿಯಂ ಏರಿದರೆ ಸಾಲು ಸಾಲು ಜನ ದನಿಗೂಡಿಸುತ್ತಿದ್ದರು. (1940ರಿಂದ 1971ರವರೆಗೆ ಆಕಾಶವಾಣಿ ಅದೇ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, ನಮ್ಮದಲ್ಲವೆಂದು. ಬೇಸ್ ಗಿಟಾರು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ಇದನ್ನು ನೆನಪಿಡಲಿ.) ಆದರೆ ಆ ಪ್ರೇಕ್ಷಕರಲ್ಲಿ ನಮ್ಮವರು ಎಲ್ಲಿ ಕೂರಬೇಕಾಗಿತ್ತು ಎಂಬುದನ್ನು ನಮ್ಮ ಹಿರಿಯರನ್ನು ಕೇಳಿ. ದೂರ, ಕತ್ತಲಲ್ಲಿ.

ನಮ್ಮವರು ಮುಂದಿನ ಸಾಲಿನಲ್ಲಿ ಕೂತು ಹಾಡು ಕೇಳಿದ್ದು ಭೀಮಗೀತೆಯ ರಾತ್ರಿಗಳಲ್ಲಿ. ಮಹಾರಾಷ್ಟ್ರದಲ್ಲಿ ವಾಮನದಾದಾ ಕರ್ಡಕರು ಊರೂರು ತಿರುಗಿ ಹಾಡಿದರು, ಮರಾಠಿ ಬಲ್ಲ ನಮ್ಮ ಗಡಿ ಜಿಲ್ಲೆಯ ಹಿರಿಯರ ಬಾಯಲ್ಲೂ ಆ ಧಾಟಿಗಳಿವೆ. ಕನ್ನಡದಲ್ಲಿ ಹೋರಾಟದ ಹಾಡುಗಳು ಬಂದವು. ಓದು ಬಾರದ ನಮ್ಮ ಅವ್ವಂದಿರಿಗೆ ಬಾಬಾಸಾಹೇಬರ ಬಾಳು, ಸಂವಿಧಾನ, 1956ರ ನಾಗಪುರದ ದೀಕ್ಷೆ ತಲುಪಿದ್ದು ಪುಸ್ತಕದಿಂದ ಅಲ್ಲ, ಈ ಹಾಡುಗಳಿಂದ. ಅಲ್ಲಿ ಹಾಡುವವರೂ ನಮ್ಮವರು, ಕೇಳುವವರೂ ನಮ್ಮವರು. ನಡುವೆ ಅಪ್ಪಣೆ ಕೊಡುವ ಗೌಡರಿಲ್ಲ. ಹಲಗಿಯವರ ಮೊಮ್ಮಗ ಬೇಸ್ ಗಿಟಾರು ಹಿಡಿದು ಅಲ್ಲಿ ನಿಂತಾಗ ಅವನ ಮುಂದೆ ಮೊದಲ ಬಾರಿಗೆ ಕೇಳುಗರು ಎಂಬವರಿದ್ದರು. ನಾನು ನಷ್ಟ ಎಂದು ಎಣಿಸುವುದು ಇದನ್ನು, 3,000 ರೂಪಾಯಿಯ ಕಟ್ಟಿಗೆಯನ್ನಲ್ಲ.

ಡಿಜೆ ಹುಡುಗರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಸಾಲ ಮಾಡಿ ಬಾಕ್ಸ್ ತಂದವರಲ್ಲಿ ನಮ್ಮ ಹುಡುಗರೂ ಇದ್ದಾರೆ, ಅವರದೂ ಹೊಟ್ಟೆಪಾಡು. ವರ್ಷಕ್ಕೊಮ್ಮೆ ನೀಲಿ ಗುಲಾಲು ಹಾಕಿಕೊಂಡು ಮುಖ್ಯ ರಸ್ತೆಯಲ್ಲೇ ಕುಣಿಯುತ್ತಾರೆ ಎಂದರೆ, ಆ ರಸ್ತೆಯಲ್ಲಿ ಚಪ್ಪಲಿ ಮೆಟ್ಟಿ ನಡೆಯಲು ಆಗದಿದ್ದ ಕಾಲಕ್ಕೆ ಅದು ಉತ್ತರವೇ. ಆದರೆ ಡಿಜೆಗೆ ಕೇಳುಗನ ಅಗತ್ಯವಿಲ್ಲ. ಎದುರಿಗೆ ಯಾರಿದ್ದರೂ, ಇಲ್ಲದಿದ್ದರೂ ಅದು ಅಷ್ಟೇ ಜೋರಾಗಿ ಹೊಡೆಯುತ್ತದೆ. ಭೀಮಗೀತೆಯನ್ನೇ ಹಾಕಿದರೂ ಮಾತು ತಿಳಿಯುವುದಿಲ್ಲ, ಬಡಿತ ಮಾತ್ರ ಉಳಿಯುತ್ತದೆ. ಊರಿಗೆಲ್ಲ ಕೇಳಿಸುತ್ತದೆ, ಯಾರೂ ಕೂತು ಕೇಳುವುದಿಲ್ಲ. ಈ ಸ್ಥಿತಿಯನ್ನು ನಾವು ಹಿಂದೆ ಎಲ್ಲಿ ನೋಡಿದ್ದೇವೆ ಎಂದು ಒಂದು ಕ್ಷಣ ಯೋಚಿಸಿ.

ಸಂಯುತ್ತ ನಿಕಾಯದಲ್ಲೇ ಆಣಿ ಸುತ್ತ ಎಂದಿದೆ. ದಸಾರಹರ ಬಳಿ ಆನಕ ಎಂಬ ನಗಾರಿ ಇತ್ತು. ಬಿರುಕು ಬಿಟ್ಟಾಗಲೆಲ್ಲ ಅವರು ಒಂದೊಂದು ಮೊಳೆ ಹೊಡೆಯುತ್ತ ಹೋದರು. ಕಡೆಗೊಮ್ಮೆ ಮೂಲ ನಗಾರಿಯೇ ಉಳಿಯಲಿಲ್ಲ, ಮೊಳೆಗಳ ಗೂಡು ಉಳಿಯಿತು. ಮುಂದೆ ಜನ ಗಂಭೀರವಾದ ಧಮ್ಮದ ಮಾತಿಗೆ ಕಿವಿಗೊಡದೆ ಹೋದರೆ ಅದೂ ಹೀಗೇ ಮರೆಯಾದೀತು ಎಂದು ಭಗವಾನರು ಎಚ್ಚರಿಸಿದರು. ನಿಜ ಹೇಳಬೇಕೆಂದರೆ ಅಲ್ಲಿ ಅವರು ದೂರಿದ್ದು ಬಣ್ಣದ ಮಾತಿನ ಕವಿಗಳನ್ನು, ಹಾಗಾಗಿ ಕನ್ನಡ ಎಂ.ಎ. ಓದಿದ ನನ್ನಂಥವರು ಅದನ್ನು ಸಂಗೀತದ ಪರವಾಗಿ ಎಳೆದು ತರಬಾರದು. ನಾನು ತೆಗೆದುಕೊಳ್ಳುವುದು ಒಂದನ್ನೇ: ನಗಾರಿ ಹಾಳಾದದ್ದಕ್ಕೆ ಶತ್ರು ಕಾರಣನಲ್ಲ. ಕೈಯಲ್ಲಿ ಹಿಡಿದವರೇ ಹಾಳು ಮಾಡಿದರು. ಧಮ್ಮ ಮರೆಯಾಗುವುದನ್ನೂ ಅವರು ಕೇಳುಗರ ಕಿವಿಯ ಮೇಲೆಯೇ ಹಾಕಿದರು.

ಆದ್ದರಿಂದ ನಮ್ಮ ಉಪಾಸಕರಿಗೆ ನನ್ನ ಉತ್ತರ: ಮಾರುವುದಾದರೆ ಮಾರಿರಿ ಸರ. ಮನೆಯಲ್ಲಿ ಮಗಳ ಕಾಲೇಜಿನ ಫೀ ಇದೆ, ಅದು ಮೊದಲು. ಕಲಿಯುವ ಹುಡುಗ ಸಿಕ್ಕರೆ ಎರಡು ದಿನ ಕೂಡಿಸಿಕೊಂಡು ಬೆರಳಿಡುವುದನ್ನು ತೋರಿಸಿ ಕೊಡಿ, ಅದಕ್ಕೆ ರೊಕ್ಕ ಬೇಡ.

ಉಳಿದ ನಮಗೆ, ವಿಶೇಷವಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜಯಂತಿ ಸಮಿತಿಗಳಲ್ಲಿ ಇರುವವರಿಗೆ ಒಂದು ವಿನಂತಿ. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಬೇಕೆಂದು 2000ದ ಶಬ್ದ ಮಾಲಿನ್ಯ ನಿಯಮದಲ್ಲಿದೆ, ನಿಲ್ಲಿಸಿದ ಮೇಲೂ ಹಾಡಬಹುದು. ಮೈಕಿಲ್ಲದೆ, ಬುದ್ಧ ವಿಹಾರದ ಒಳಗೆ ಚಾಪೆ ಹಾಕಿ. ಡಿಜೆಗೆ ಮುಂಗಡ ಕೊಡುವ ಮೊದಲು ನಿಮ್ಮ ಊರಲ್ಲಿ ಹಾಡುವವರು, ನುಡಿಸುವವರು ಎಷ್ಟು ಜನ ಉಳಿದಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅದರ ಪಕ್ಕದಲ್ಲಿ, ಎರಡು ತಾಸು ಮೊಬೈಲ್ ಕೆಳಗಿಟ್ಟು ಕೂರುವವರ ಹೆಸರನ್ನೂ ಬರೆಯಿರಿ. ಎರಡನೆಯ ಪಟ್ಟಿಯಲ್ಲಿ ಮೊದಲು ನಿಮ್ಮ ಹೆಸರು ಬರೆದುಕೊಂಡು, ಹಾಳೆಯ ಫೋಟೊ ತೆಗೆದು ಗುಂಪಿಗೆ ಹಾಕಿರಿ. ರವಿವಾರ ನೋಡೋಣ.

ಭವತು ಸಬ್ಬ ಮಂಗಲಂ. ಜೈಭೀಮ್.