ಕನಸು ಕಂಡವರು ಎದ್ದು ಏನು ಮಾಡಿದರು

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ನಮ್ಮ ವಿರೂಪಾಕ್ಷಿಪುರದ ಕಡೆ ಯಾರಿಗೂ ಒಳ್ಳೆಯ ಕನಸು ಬೀಳುವುದಿಲ್ಲ. ಹಾಲುತೊಂಡೆ ತಗುಲಿ ಹುಳುಮನೆಯೆಲ್ಲ ನಾರಿದಂತೆ, ಸೊಪ್ಪು ಕೊಯ್ಯಲು ಹೋದರೆ ಹಿಪ್ಪುನೇರಳೆ ತೋಟ ಬೋಳಾಗಿದ್ದಂತೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಎಲ್ಲರ ಗೂಡೂ ಹೋಗಿ ನಮ್ಮದೊಂದೇ ಉಳಿದಂತೆ. ಹುಳು ಹಣ್ಣಾಗಿ ಚಂದ್ರಿಕೆ ಏರಿದ ರಾತ್ರಿ ಆ ಕನಸುಗಳು ಹೇಳದೆ ಕೇಳದೆ ನಿಂತುಹೋಗುತ್ತವೆ. ಕೆಲಸದ ತಾಪತ್ರಯ ಹೆಚ್ಚಿದಷ್ಟೂ ಕನಸು ಹೆಚ್ಚುತ್ತದೆ ಎಂಬ ಅರ್ಥದ ಮಾತೊಂದು ಬೈಬಲಿನ ಉಪದೇಶಕ ಗ್ರಂಥದ ಐದನೇ ಅಧ್ಯಾಯದಲ್ಲಿದೆ. ಅದನ್ನು ಬರೆದ ಜ್ಞಾನಿ ಹುಳುಮನೆಯ ಬಾಗಿಲು ತುಳಿದವನಲ್ಲ, ಆದರೂ ನಮ್ಮ ಮನೆಯ ರಾತ್ರಿಗಳನ್ನು ಕಂಡವನ ಹಾಗೆ ಬರೆದಿದ್ದಾನೆ. ಕನಸಿನ ವಿಚಾರದಲ್ಲಿ ಕ್ರೈಸ್ತರಾದವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದೇ ಎಂದು ನನಗೆ ಅನ್ನಿಸುತ್ತದೆ: ಬಹುಪಾಲು ಕನಸುಗಳು ನಮ್ಮ ಹೊಟ್ಟೆಯವು, ನಮ್ಮ ಸಾಲದವು, ನಮ್ಮ ದುಡಿಮೆಯವು. ಅವುಗಳ ಹಿಂದೆ ಹೋಗಿ ದೇವರನ್ನು ಹುಡುಕಬೇಕಾಗಿಲ್ಲ.

ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ. ಅರ್ಕಾವತಿ ದಂಡೆಯ ಆ ಊರಿನಲ್ಲಿ ಕ್ರೈಸ್ತರೇ ಹೆಚ್ಚು. ಶುಭ ಶುಕ್ರವಾರದ ದಿನ ಶಿಲುಬೆ ಹಾದಿ ಮಾಡುತ್ತ ಕಪಾಲಬೆಟ್ಟ ಹತ್ತಿದವಳು ನಾನು. ಇಟಲಿಯಿಂದ ಬಂದ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡ ಕಲಿತರು, ವ್ಯಾಕರಣ ನಿಘಂಟು ಬರೆದರು, ಧರ್ಮೋಪದೇಶವನ್ನು ಕನ್ನಡದಲ್ಲೇ ಹೇಳಿದರು. ಈ ಸೀಮೆಯ ಕ್ರೈಸ್ತರ ಕಥೆ ಶುರುವಾಗುವುದು ಅಲ್ಲಿಂದ. ಹೊಸ ಧರ್ಮ ಬಂದರೂ ರಾಗಿ ಹೊಲ, ಸೋಬಾನೆ, ಹೆರಿಗೆ ಬಾಣಂತನದ ಕಟ್ಟಲೆ ಯಾವುದೂ ಬಿಟ್ಟುಹೋಗಲಿಲ್ಲ. ಕನಸಿನ ಶಕುನವೂ ಬಿಟ್ಟುಹೋಗಲಿಲ್ಲ. ಹಲ್ಲು ಬಿದ್ದರೆ ಮನೆಯಲ್ಲಿ ಸಾವು, ಮದುವೆ ಕಂಡರೆ ಸಾವು, ಬೆಳಗಿನ ಜಾವದ್ದಾದರೆ ಖಂಡಿತ ನಿಜ. ಪಂಚಾಂಗದ ಸ್ವಪ್ನಫಲದ ಪುಟ ತೆರೆದು ನೋಡದವರ ಬಾಯಲ್ಲೂ ಈ ಮಾತುಗಳಿದ್ದವು.

ನನ್ನ ಅಜ್ಜಿ ಇವುಗಳನ್ನು ಸುಳ್ಳು ಎಂದು ಯಾವತ್ತೂ ವಾದಿಸಲಿಲ್ಲ. ಕೆಟ್ಟ ಕನಸು ಬಿತ್ತೆಂದು ನಾವು ಹೆದರಿ ಎದ್ದರೆ ಕೈಗೆ ಜಪಸರ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸತ್ತವರು ಕನಸಿಗೆ ಬಂದರೆ ಅವರ ಹೆಸರಿನಲ್ಲಿ ಒಂದು ಪೂಜೆಗೆ ಕೊಟ್ಟು, ಅವತ್ತು ಹಸಿದವರೊಬ್ಬರನ್ನು ಕರೆದು ಮುದ್ದೆ ಇಕ್ಕುತ್ತಿದ್ದರು. ನಮ್ಮನ್ನು ದೊಡ್ಡವರನ್ನಾಗಿ ತೋರಿಸಿದ ಕನಸನ್ನು ಮಾತ್ರ ಯಾರಿಗೂ ಹೇಳಕೂಡದು ಅನ್ನುತ್ತಿದ್ದರು. ಯಕೋಬನ ಮಗ ಜೋಸೆಫ ಹದಿನೇಳರ ಹುಡುಗನಾಗಿದ್ದಾಗ ತನ್ನ ಸಿವುಡಿಗೆ ಅಣ್ಣಂದಿರ ಸಿವುಡುಗಳು ಅಡ್ಡಬಿದ್ದ ಕನಸನ್ನು ಅವರೆದುರಿಗೇ ಹೇಳಿ ಬಾವಿ ಪಾಲಾದನಲ್ಲ, ಅದನ್ನು ನೆನೆಸಿಕೊಂಡು ಹೇಳುತ್ತಿದ್ದ ಮಾತು ಅದು. ಓದು ಬಾರದ ಆ ಅಜ್ಜಿಯ ನಡವಳಿಕೆಯಲ್ಲಿ ಎಷ್ಟು ಶಾಸ್ತ್ರ ಅಡಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ವಿರೂಪಾಕ್ಷಿಪುರಕ್ಕೆ ಸೊಸೆಯಾಗಿ ಬಂದು ಎಷ್ಟೋ ವರ್ಷದ ಮೇಲೆ, ನಮ್ಮ ಬೀದಿಯ ಒಬ್ಬ ತಾಯಿಯಿಂದ.

ಬಿಡದಿಯ ಕಾರ್ಖಾನೆಯೊಂದಕ್ಕೆ ಪಾಳಿಗೆ ಹೋಗುತ್ತಿದ್ದ ಅವಳ ಮಗ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ತಿಥಿ ಮುಗಿದ ಮೇಲೂ ಅವಳಿಗೆ ನಿದ್ದೆ ಹತ್ತಲಿಲ್ಲ. ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತಳು.

“ಅಕ್ಕ, ಬೆಳಗಿನ್ ಜಾವ್ದಲ್ಲಿ ಬಿದ್ದ ಕನ್ಸು ಅದು. ಮನೆ ಮುಂದೆ ಚಪ್ಪರ ಹಾಕವ್ರೆ, ಓಲಗ ಊದ್ತಾವ್ರೆ, ಮಗ ಬಾಸಿಂಗ ಕಟ್ಕೊಂಡು ನಿಂತವ್ನೆ. ಎದ್ದಾಗ ಎದೆ ಧಸಕ್ ಅಂತು. ಆದ್ರೂ ಬುತ್ತಿ ಕಟ್ಟಿ ಕಳಿಸ್ದೆ. ನಾನೇ ಕಳಿಸ್ದೆ. ನಿಮ್ ಪುಸ್ತಕದಲ್ಲಿ ಕನ್ಸಿನ ವಿಚಾರ ಏನೈತೆ, ನೋಡಿ ಹೇಳಕ್ಕ.”

ಅವಳು ಕೇಳಿದಳೆಂದೇ ನಾನು ಬೈಬಲಿನ ಕನಸುಗಳನ್ನು ಒಂದೊಂದಾಗಿ ಹುಡುಕಿ ಓದಿದೆ. ಹುಡುಕುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅವಳ ಮನಸ್ಸಿನಲ್ಲಿದ್ದದ್ದೇ: ಕನಸಿನ ಅರ್ಥ ಬಿಡಿಸುವ ಬಗೆ ಯಾವುದು? ಓದುತ್ತ ಹೋದಂತೆ ಬೇರೆಯದೇ ಕಣ್ಣಿಗೆ ಬಿತ್ತು. ಬಿಡಿಸಿ ಹೇಳಬೇಕಾದ ಒಗಟಿನ ಕನಸು ಹೆಚ್ಚಾಗಿ ಬೀಳುವುದು ಇಸ್ರಯೇಲಿನ ದೇವರನ್ನು ಅರಿಯದ ಅರಸರಿಗೆ, ಅವರ ಸೇವಕರಿಗೆ. ಈಜಿಪ್ಟಿನ ಫರೋಹ ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ನುಂಗಿದ್ದನ್ನು ಕಂಡ. ಅರ್ಥ ಹೇಳುವವನು ದೇವರು, ತಾನಲ್ಲ ಎಂದು ಜೋಸೆಫ ಮೊದಲೇ ತಿಳಿಸಿದ. ಅರ್ಥ ಹೇಳಿದ ಮೇಲೆ ಸುಮ್ಮನೆ ಕೂರದೆ, ಸುಗ್ಗಿಯ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲು ಎತ್ತಿಡಿ, ಕಣಜ ತುಂಬಿಸಿ ಎಂದ. ಈಜಿಪ್ಟನ್ನು ಬದುಕಿಸಿದ್ದು ಆ ಕಣಜ. ಬಾಬಿಲೋನಿನಲ್ಲಿ ದಾನಿಯೇಲ ಅರಸನ ಕನಸಿಗಾಗಿ ದೇವರ ಮುಂದೆ ಕೂತದ್ದು ಕುತೂಹಲಕ್ಕಲ್ಲ. ಕನಸು ಹೇಳಲಾರದ ಪಂಡಿತರನ್ನೆಲ್ಲ ಕೊಲ್ಲಿಸುವ ಆಜ್ಞೆ ಹೊರಟಿತ್ತು. ಅರ್ಥ ಸಿಕ್ಕಿದಾಗ ಅವನು ಮೊದಲು ಕೇಳಿದ್ದೇ ಆ ಪಂಡಿತರನ್ನು ಕೊಲ್ಲಬೇಡಿ ಎಂದು.

ಅದೇ ಆದಿಕಾಂಡದಲ್ಲಿ ಇನ್ನೊಂದು ಕನಸಿದೆ, ಅದರ ಬಗ್ಗೆ ಪ್ರಸಂಗ ಮಾಡುವವರು ಕಡಿಮೆ. ಸೆರೆಮನೆಯಲ್ಲಿದ್ದ ಅರಮನೆಯ ರೊಟ್ಟಿಗಾರನ ತಲೆಯ ಮೇಲಿನ ಬುಟ್ಟಿಯಿಂದ ಹಕ್ಕಿಗಳು ತಿಂದವು. ಜೋಸೆಫ ಅರ್ಥ ಹೇಳಿದ, ಸರಿಯಾಗಿಯೇ ಹೇಳಿದ. ಮೂರು ದಿನದಲ್ಲಿ ರೊಟ್ಟಿಗಾರನನ್ನು ಗಲ್ಲಿಗೇರಿಸಿದರು. ಅರ್ಥ ತಿಳಿದದ್ದರಿಂದ ಸಾವು ತಪ್ಪಲಿಲ್ಲ. ಕನಸಿನ ಅರ್ಥ ಗೊತ್ತಾಗಿದ್ದರೆ ಮಗ ಉಳಿಯುತ್ತಿದ್ದ ಎನ್ನುವ ತಾಯಿಗೆ ಈ ಕಥೆ ಹೇಳಬೇಕೋ ಬೇಡವೋ ಎಂದು ನಾನು ಬಹಳ ದಿನ ತೊಳಲಾಡಿದೆ. ಕಡೆಗೆ ಹೇಳಿದೆ.

ಹೊಸ ಒಡಂಬಡಿಕೆಗೆ ಬಂದರೆ ಶುಭಸಂದೇಶಗಳಲ್ಲಿ ಕನಸು ಇರುವುದು ಮತ್ತಾಯನಲ್ಲಿ ಮಾತ್ರ. ಆರು ಕನಸು, ನಾಲ್ಕು ಮರಿಯಳ ಪತಿ ಸಂತ ಜೋಸೆಫರಿಗೆ, ಒಂದು ನಾವು ಮೂರು ರಾಯರು ಎನ್ನುವ ಪೂರ್ವದೇಶದ ಜ್ಞಾನಿಗಳಿಗೆ, ಇನ್ನೊಂದು ಪಿಲಾತನ ಹೆಂಡತಿಗೆ. ಜೋಸೆಫರ ಕನಸಿನಲ್ಲಿ ಹಸುವಿಲ್ಲ, ತೆನೆಯಿಲ್ಲ, ಬಿಡಿಸಬೇಕಾದ ಗಂಟೇ ಇಲ್ಲ. ಮರಿಯಳನ್ನು ಕೈಬಿಡಬೇಡ. ಮಗು ತಾಯಿಯರನ್ನು ಕರೆದುಕೊಂಡು ಈಜಿಪ್ಟಿಗೆ ಓಡು. ಈಗ ಹಿಂದಿರುಗು. ಜುದೇಯ ಬೇಡ, ಗಲಿಲೇಯಕ್ಕೆ ಹೋಗು. ಪ್ರತಿ ಸಲವೂ ಆತ ಎದ್ದು ಹೊರಡುತ್ತಾರೆ. ಇಡೀ ಶುಭಸಂದೇಶದಲ್ಲಿ ಜೋಸೆಫರ ಬಾಯಿಂದ ಒಂದು ಮಾತೂ ದಾಖಲಾಗಿಲ್ಲ. ಕನಸು ದೇವರಿಂದ ಬಂದದ್ದೋ ಅಲ್ಲವೋ ಎಂದು ನನ್ನನ್ನು ಕೇಳುವವರಿಗೆ ಈಗ ನಾನು ತಿರುಗಿ ಕೇಳುವುದು ಇಷ್ಟು: ಎದ್ದ ಮೇಲೆ ಅದು ನಿಮ್ಮನ್ನು ಯಾರ ಬಳಿಗೆ ಕಳಿಸುತ್ತಿದೆ? ಯಾರನ್ನು ಕಾಪಾಡಲು, ಯಾರ ಜೊತೆ ರಾಜಿಯಾಗಲು, ಯಾರಿಗೆ ಉಣಿಸಲು? ಯಾರ ಬಳಿಗೂ ಕಳಿಸದೆ ಬರೀ ಹೆದರಿಸುವ ಅಥವಾ ಉಬ್ಬಿಸುವ ಕನಸಾದರೆ, ಅದನ್ನು ಹಾಸಿಗೆಯ ಜೊತೆಗೇ ಮಡಿಸಿಡಬಹುದು.

ಆದರೆ ಇಷ್ಟಕ್ಕೇ ನನ್ನ ಮನಸ್ಸು ನಿಲ್ಲಲಿಲ್ಲ. ಜೋಸೆಫರಿಗೆ ಕನಸು ಬಿದ್ದ ಆ ಸಮಯದಲ್ಲಿ ಬೆತ್ಲೆಹೇಮಿನಲ್ಲಿ ಬೇರೆ ಮನೆಗಳೂ ಇದ್ದವು. ಅಲ್ಲೂ ಎರಡು ವರ್ಷದೊಳಗಿನ ಗಂಡುಮಕ್ಕಳು ತಾಯಿಯ ಮಗ್ಗುಲಲ್ಲಿ ಮಲಗಿದ್ದವು. ಆ ಅಪ್ಪಂದಿರ ಕನಸಿಗೆ ಯಾವ ದೂತನೂ ಬಂದ ಮಾತಿಲ್ಲ. ಅರಸ ಹೆರೋದನ ಸೈನಿಕರು ಬಂದು ಆ ಮಕ್ಕಳನ್ನು ಕೊಂದರು. ಡಿಸೆಂಬರ್ 28ರಂದು ಧರ್ಮಸಭೆ ಆ ಹಸುಳೆಗಳ ಹಬ್ಬವನ್ನು ಆಚರಿಸುತ್ತದೆ. ಕ್ರಿಸ್ಮಸ್ಸಿನ ಸಡಗರದಲ್ಲಿ ಅದು ಬಂದು ಹೋದದ್ದೇ ಎಷ್ಟೋ ಮನೆಗಳಿಗೆ ತಿಳಿಯುವುದಿಲ್ಲ. ಒಂದು ಮನೆಗೆ ಮುನ್ಸೂಚನೆ ಕೊಟ್ಟ ದೇವರು ಉಳಿದ ಮನೆಗಳಿಗೆ ಏಕೆ ಕೊಡಲಿಲ್ಲ? ಈ ಪ್ರಶ್ನೆಗೆ ನನಗೆ ಸಮಾಧಾನ ತರುವ ಉತ್ತರವನ್ನು ಯಾರೂ ಕೊಟ್ಟಿಲ್ಲ, ನಾನೂ ಕಟ್ಟಿಕೊಂಡಿಲ್ಲ. ಒಂದನ್ನು ಮಾತ್ರ ಕಂಡೆ. ಮತ್ತಾಯ ಆ ತಂದೆತಾಯಂದಿರ ಮೇಲೆ ಹುಲ್ಲುಕಡ್ಡಿಯಷ್ಟೂ ತಪ್ಪು ಹೊರಿಸುವುದಿಲ್ಲ. ಕನಸು ಬಿದ್ದಿತ್ತು, ನೀವು ಗಮನಿಸಲಿಲ್ಲ ಎನ್ನುವುದಿಲ್ಲ. ತಪ್ಪು ಹೆರೋದನದು. ತಾಯಂದಿರ ಪಾಲಿಗೆ ಬರೆದದ್ದು ಅಳು. ಪ್ರವಾದಿ ಯೆರೆಮೀಯ ಹೇಳಿದ್ದ ರಾಖೇಲಳ ಅಳು, ಸಮಾಧಾನ ಬೇಡವೆಂದ ಅಳು. ಅದನ್ನು ನಿಲ್ಲಿಸು ಎಂದು ಶುಭಸಂದೇಶಕಾರ ಹೇಳುವುದಿಲ್ಲ.

ಧರ್ಮಸಭೆಯ ಹಿರಿಯರು ಕನಸಿನ ವಿಚಾರದಲ್ಲಿ ತುಂಬಾ ಎಚ್ಚರದಿಂದ ಇದ್ದವರು. 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಗ್ರೆಗೊರಿ ಕನಸುಗಳನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲ ಎರಡು ಹೊಟ್ಟೆ ತುಂಬಿದ್ದರಿಂದ ಬೀಳುವುದು, ಹೊಟ್ಟೆ ಹಸಿದದ್ದರಿಂದ ಬೀಳುವುದು! ನಂತರ ಸೈತಾನನ ಭ್ರಮೆ, ಯೋಚನೆ ಬೆರೆತ ಭ್ರಮೆ, ದೇವರ ಪ್ರಕಟಣೆ, ಯೋಚನೆ ಬೆರೆತ ಪ್ರಕಟಣೆ. ಅವರು ಒಬ್ಬನ ಕಥೆಯನ್ನೂ ಹೇಳುತ್ತಾರೆ. ದೀರ್ಘಾಯುಷ್ಯದ ಭರವಸೆ ಕನಸಿನಲ್ಲಿ ಸಿಕ್ಕಿತೆಂದು ಆತ ಮುಂದಿನ ವರ್ಷಗಳಿಗೆಂದು ಹಣ ಕೂಡಿಟ್ಟ, ಇದ್ದಕ್ಕಿದ್ದಂತೆ ಸತ್ತ, ಹಣ ಮುಟ್ಟದೆ ಉಳಿಯಿತು, ಕೈಯಲ್ಲಿ ಒಂದು ಸತ್ಕಾರ್ಯವೂ ಇರಲಿಲ್ಲ. ಮಾರ್ಟಿನ್ ಲೂಥರ್ ಇನ್ನೂ ಮುಂದೆ ಹೋಗಿ, ತನಗೆ ಕನಸು ದರ್ಶನ ಯಾವುದೂ ಬೇಡ, ಗ್ರಂಥವೇ ಸಾಕು ಎಂದು ದೇವರೊಂದಿಗೆ ಒಪ್ಪಂದ ಮಾಡಿಕೊಂಡಿದ್ದೇನೆ ಎಂದವರು.

ನನಗೆ ಇವರೆಲ್ಲರಿಗಿಂತ ಹತ್ತಿರದವಳು ಸಂತ ಅಗಸ್ಟೀನರ ತಾಯಿ ಮೋನಿಕ. ದಾರಿ ತಪ್ಪಿದ ಮಗನಿಗಾಗಿ ಅಳುತ್ತಿದ್ದ ಆಕೆಗೆ ಒಂದು ಕನಸು ಬಿತ್ತು: ತಾನು ಮರದ ಅಳತೆಪಟ್ಟಿಯೊಂದರ ಮೇಲೆ ನಿಂತಿದ್ದಾಳೆ, ಮಗನೂ ಅದೇ ಪಟ್ಟಿಯ ಮೇಲೆ ಪಕ್ಕದಲ್ಲಿದ್ದಾನೆ. ನೀನೂ ನನ್ನ ಕಡೆ ಬರುತ್ತೀಯ ಎಂದು ಅದರ ಅರ್ಥ ಎಂದ ಮಗ. ಇಲ್ಲ, ನೀನೇ ನಾನಿದ್ದಲ್ಲಿಗೆ ಬರುತ್ತೀಯ ಎಂದು ಆ ತಾಯಿ ತಡವರಿಸದೆ ಹೇಳಿದಳು. ಆ ಮೇಲೂ ಸುಮಾರು ಒಂಬತ್ತು ವರ್ಷ ಮಗ ಬರಲಿಲ್ಲ; ದೀಕ್ಷಾಸ್ನಾನ ಪಡೆದದ್ದು 387ರಲ್ಲಿ. ಕನಸು ಬಿತ್ತಲ್ಲ ಎಂದು ಮೋನಿಕ ಪ್ರಾರ್ಥನೆ ನಿಲ್ಲಿಸಲಿಲ್ಲ, ಅಳುವುದನ್ನೂ ನಿಲ್ಲಿಸಲಿಲ್ಲ. ಇದೇ ಮೋನಿಕಳಿಗೆ ಮಗನ ಮದುವೆ ಗೊತ್ತುಮಾಡುವ ಆತುರ ಹತ್ತಿದಾಗ ಅದರ ಕುರಿತೂ ಕನಸುಗಳು ಬಿದ್ದವು. ಅವನ್ನು ಆಕೆ ನಂಬಲಿಲ್ಲ. ದೇವರು ತೋರಿಸಿದ್ದಕ್ಕೂ ತನ್ನ ಮನಸ್ಸೇ ಹೆಣೆದದ್ದಕ್ಕೂ ಇರುವ ವ್ಯತ್ಯಾಸ ತನಗೆ ಯಾವುದೋ ರುಚಿಯಿಂದ ಗೊತ್ತಾಗುತ್ತದೆ, ಅದನ್ನು ಮಾತಿನಲ್ಲಿ ಹೇಳಲು ಬಾರದು ಎಂದಳಂತೆ. ತಾನು ಬಯಸಿದ್ದೇ ಕನಸಾಗಿ ಬಂದಾಗ ಅದನ್ನು ಬದಿಗಿಡುವ ಆ ಪ್ರಾಮಾಣಿಕತೆ ಎಷ್ಟು ಜನರಿಗಿದೆ?

ಇದನ್ನು ಕೇಳುತ್ತಿರುವುದು ಯಾಕೆಂದರೆ, ಈಗ ಮೊಬೈಲಿನಲ್ಲಿ ಕನಸಿನ ಅರ್ಥ ಹೇಳುವ ಬೋಧಕರು ಬೇಕಾದಷ್ಟು ಮಂದಿ. ಹಾವು ಅಂದರೆ ಶತ್ರು, ನೀರು ಅಂದರೆ ಪವಿತ್ರಾತ್ಮ, ಮನೆ ಅಂದರೆ ಆಶೀರ್ವಾದ. ಜೊತೆಗೆ ಕಾಣಿಕೆ ಕಳಿಸಬೇಕಾದ ಫೋನ್ ನಂಬರು. ಸ್ವಪ್ನಫಲದ ಪುಟಕ್ಕೆ ಶಿಲುಬೆ ಅಂಟಿಸಿದರೆ ಅದು ಕ್ರೈಸ್ತವಾಗುವುದಿಲ್ಲ. ಇದು ನನಗೆ ನಿಜವಾಗಿ ಸಂಕಟ ತರುವ ಸಂಗತಿ. ಕನಸು ಕಂಡೆ ಕನಸು ಕಂಡೆ ಎಂದು ಜನರನ್ನು ಮರುಳುಮಾಡುವವರ ಮೇಲೆ ಯೆರೆಮೀಯ ಸಿಡಿದೆದ್ದದ್ದು ಅವರ ಗ್ರಂಥದ 23ನೇ ಅಧ್ಯಾಯದಲ್ಲಿದೆ. ಕನಸನ್ನು ಹೊಟ್ಟಿಗೂ ದೇವರ ವಾಕ್ಯವನ್ನು ಕಾಳಿಗೂ ಹೋಲಿಸುತ್ತಾರೆ. ಕಣದಲ್ಲಿ ರಾಗಿ ತೂರಿದ ಕೈಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಥೋಲಿಕ ಧರ್ಮೋಪದೇಶವೂ ಭವಿಷ್ಯ ತಿಳಿಯುವ ಆಸೆಯಿಂದ ಶಕುನ ಕೇಳುವುದನ್ನು ಬಿಡಬೇಕೆಂದೇ ಹೇಳುತ್ತದೆ.

ಮಲಗಿರುವ ಸಂತ ಜೋಸೆಫರ ಪ್ರತಿಮೆ ನಮ್ಮ ಮನೆಯಲ್ಲೂ ಇದೆ, ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನವರ ಹಬ್ಬಕ್ಕೆ ಹೋದಾಗ ಮಗಳು ತಂದದ್ದು. ಪೋಪ್ ಫ್ರಾನ್ಸಿಸ್ 2015ರ ಜನವರಿ 16ರಂದು ಮನಿಲಾದಲ್ಲಿ ಕುಟುಂಬಗಳ ಎದುರು ಮಾತಾಡುತ್ತ, ತಮ್ಮ ಮೇಜಿನ ಮೇಲೆ ಅಂಥ ಪ್ರತಿಮೆ ಇದೆ, ಕಷ್ಟ ಬಂದಾಗ ಚೀಟಿ ಬರೆದು ಅದರ ಕೆಳಗಿಡುತ್ತೇನೆ ಎಂದರು. ಅಲ್ಲಿಂದ ಅದು ಮನೆಮನೆಗೂ ಬಂತು. ಅವತ್ತೇ ಅವರು, ಜೋಸೆಫರಂತೆ ದೇವರ ದನಿ ಕೇಳಿದ ಮೇಲೆ ಎದ್ದು ನಡೆಯಬೇಕು ಎಂದೂ ಹೇಳಿದ್ದರು. ಚೀಟಿ ಇಡುವ ಅಭ್ಯಾಸ ಹಬ್ಬಿದಷ್ಟು ಆ ಮಾತು ಹಬ್ಬಲಿಲ್ಲ.

ನಮ್ಮ ಬೀದಿಯ ಆ ತಾಯಿಗೆ ನಾನು ಕೊನೆಗೆ ಓದಿ ಹೇಳಿದ್ದು ಪಿಲಾತನ ಹೆಂಡತಿಯ ವಿಷಯ. ಮತ್ತಾಯ ಆಕೆಗೆ ಒಂದೇ ವಚನ ಕೊಟ್ಟಿದ್ದಾನೆ, ಹೆಸರನ್ನೂ ಹೇಳಿಲ್ಲ. ಪ್ರೊಕ್ಲಾ ಎಂಬುದು ನಂತರದ ಪರಂಪರೆ ಇಟ್ಟ ಹೆಸರು. ಯೇಸುಸ್ವಾಮಿಯ ನಿಮಿತ್ತ ಕನಸಿನಲ್ಲಿ ಬಹಳ ಸಂಕಟಪಟ್ಟೆ, ಆ ನೀತಿವಂತನ ಗೊಡವೆಗೆ ಹೋಗಬೇಡಿ ಎಂದು ನ್ಯಾಯಪೀಠದ ಮೇಲಿದ್ದ ಗಂಡನಿಗೆ ಹೇಳಿಕಳಿಸಿದಳು. ಕನಸು ನಿಜವಾಗಿತ್ತು, ಹೇಳಿದ್ದೂ ಹೇಳಬೇಕಾದವನಿಗೇ. ಪಿಲಾತ ಕೈ ತೊಳೆದುಕೊಂಡ, ಸ್ವಾಮಿಯನ್ನು ಶಿಲುಬೆಗೆ ಒಪ್ಪಿಸಿದ. ಕನಸಿನಿಂದ ಏನೂ ತಪ್ಪಲಿಲ್ಲ. ಹಾಗಿದ್ದೂ ಪೂರ್ವದ ಆರ್ಥಡಾಕ್ಸ್ ಸಭೆಗಳು ಆಕೆಯನ್ನು ಸಂತಳೆಂದು ಗೌರವಿಸುತ್ತವೆ.

ಅವಳು ಸೆರಗಿನ ತುದಿ ಹಿಡಿದು ಕೇಳಿಸಿಕೊಂಡಳು.

“ಅವತ್ತು ನಾನೂ ಅವ್ನಿಗೆ ಹೇಳಿದ್ದೆ ಕಣಕ್ಕ. ನಿಧಾನಕ್ಕೆ ಹೋಗಪ್ಪ, ತಲೆಗೆ ಆ ಟೋಪಿ ಹಾಕ್ಕೋ ಅಂತ. ಯಾವತ್ತೂ ಬಾಗ್ಲಿಗೆ ಬರದವ್ಳು ಅವತ್ತು ಗೇಟ್‌ವರ್ಗೂ ಹೋಗಿದ್ದೆ.”

ಇದನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಕನಸು ಹೇಳಿದ್ದನ್ನು ನೀನು ಮಾಡಿದ್ದೀಯಲ್ಲಮ್ಮ ಎಂದೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರನೆಯ ವಾರ ಬಂದು, ಅವನ ಜೊತೆ ಬೈಕಿನ ಹಿಂದೆ ಕೂತಿದ್ದ ಹುಡುಗ ಇನ್ನೂ ಎದ್ದು ಓಡಾಡುವಂತಾಗಿಲ್ಲ, ಇಷ್ಟು ದಿನ ಆ ಮನೆಗೆ ಹೋಗಲು ತನಗೆ ಕಾಲೇ ಬಂದಿಲ್ಲ, ಜೊತೆಗೆ ಬರುತ್ತೀಯಾ ಅಕ್ಕ ಎಂದು ಕೇಳಿದಳು. ಹುಳುವಿಗೆ ಮಧ್ಯಾಹ್ನದ ಸೊಪ್ಪು ಹಾಕಿ ಇಬ್ಬರೂ ಹೊರಟೆವು.