ಹಾಲೆರೆದರೆ ಸಾಕೆ?

ದಯೆಯನ್ನು ಕುರಿತು 20 ವರ್ಷ ಪಾಠ ಹೇಳಿದವನು ನಾನು. ಹಿತ್ತಲಲ್ಲಿ ತಾಯಿಯನ್ನು ಕಳೆದುಕೊಂಡ ಮೂರು ಬೆಕ್ಕಿನ ಮರಿಗಳು ಸಿಕ್ಕಾಗ, ಹಸುವಿನ ಹಾಲು ಹನಿಸಿ ಕೃತಾರ್ಥನಾದೆನೆಂದುಕೊಂಡೆ. ಅವಿನ್ನೂ ಕಣ್ಣು ಬಿಟ್ಟಿರಲಿಲ್ಲ. ಮರುದಿನ ಒಂದು ಹೊಟ್ಟೆಯುಬ್ಬಿ ಸತ್ತಿತು.

ಪಶುವೈದ್ಯರು ಹೇಳಿದ ಮೇಲೆ ತಿಳಿಯಿತು: ಹಸುವಿನ ಹಾಲು ಅವಕ್ಕೆ ಒಗ್ಗದು, ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಬೇಕು. ಅದಕ್ಕಿಂತ ಹೆಚ್ಚಾಗಿ, ಸುಮಾರು 3 ವಾರ ತುಂಬುವವರೆಗೆ ಅವು ತಾವಾಗಿ ಮಲಮೂತ್ರ ವಿಸರ್ಜಿಸಲಾರವು, ತಾಯಿ ನೆಕ್ಕಬೇಕು. ಅವಳಿಲ್ಲದಿದ್ದರೆ, ಹಾಲು ಕುಡಿಸಿದಾಗಲೆಲ್ಲ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ನಾವು ಮೆಲ್ಲಗೆ ಸವರಬೇಕು. ಹಗಲಿರುಳೂ ಎರಡು ಮೂರು ಗಂಟೆಗೊಮ್ಮೆ ಇದೇ ಕೆಲಸ. ಮೊದಲ ದಿನ ಮೂಗು ಮುಚ್ಚಿಕೊಂಡೆ. ಮೂರನೆಯ ದಿನಕ್ಕೆ ಹತ್ತಿ ಹಳದಿಯಾದರೆ ಸಂತೋಷ! ನನ್ನಾಕೆ ನಕ್ಕಳು. ತಿಂಗಳಾಗುವಷ್ಟರಲ್ಲಿ ಎರಡೂ ಮರಳಿನ ತಟ್ಟೆಗೆ ತಾವೇ ಇಳಿದವು.

ಈ ನಡುವೆ, ನಡುರಾತ್ರಿ ಹತ್ತಿ ಹಿಡಿದು ಕೂತಾಗ, ತಂದೆಯ ನೆನಪಾಗುತ್ತಿತ್ತು. ಹಾಸಿಗೆ ಹಿಡಿದ ಅವರಿಗೆ ಔಷಧಿ ತಂದೆ, ಹಣ್ಣಿನ ರಸ ಕುಡಿಸಿದೆ, ಪತ್ರಿಕೆ ಓದಿ ಹೇಳಿದೆ. ಬೆಡ್‌ಪ್ಯಾನಿಗೆ ಮಾತ್ರ ಸಂಬಳದ ಆಳನ್ನಿಟ್ಟಿದ್ದೆ. ಅವರಿಗೆ ಸಂಕೋಚವಾದೀತೆಂದು ಹಾಗೆ ಮಾಡಿದೆನೆನ್ನುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ; ಮರಿಗೆ ನಾಚಿಕೆಯಿಲ್ಲ, ಅವರಿಗಿತ್ತು. ಆದರೆ ಸಂಕೋಚ ಅವರೊಬ್ಬರದೇ ಆಗಿದ್ದರೆ, ಒಂದು ಸಲವಾದರೂ ಅವರನ್ನು ಕೇಳಬಹುದಿತ್ತಲ್ಲವೆ?