ನಂಬರು ಅದೇ

ಹಳೆಯ ಕಾರುಗಳ ಮೋಹವಿರುವವರು ‘ಒರಿಜಿನಲ್’ ಎಂಬ ಮಾತನ್ನು, ನಾವು ‘ಅಪ್ಪಟ ರೇಷ್ಮೆ’ ಎನ್ನುವ ಧಾಟಿಯಲ್ಲೇ ಹೇಳುತ್ತಾರೆ. ಎಂಜಿನ್ ಬ್ಲಾಕಿನ ನಂಬರು ಆರ್.ಸಿ. ಪುಸ್ತಕದ ನಂಬರಿಗೆ ತಾಳೆಯಾದರೆ ಕಾರು ಒರಿಜಿನಲ್. ಬ್ಲಾಕನ್ನೇ ಬದಲಿಸಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು, ಒಳಗಿನ ಪಿಸ್ಟನ್, ಕ್ರ್ಯಾಂಕ್ ಶಾಫ್ಟ್, ವಾಲ್ವು ಯಾವ ಕಾರಿನಿಂದ ಬಂದವೆಂದು ಯಾವ ಪುಸ್ತಕವೂ ಬರೆದಿಡುವುದಿಲ್ಲ. ಹೊರಗಿನ ಹೆಸರು ಉಳಿದು ಒಳಗಿನದೆಲ್ಲ ಬದಲಾಗುವುದು! ಮದುವೆಯಾಗಿ ಬಂದ ನಮಗೆ ಆಗಿದ್ದು ಇದರ ತಿರುಗುಮುರುಗು, ಅಷ್ಟೆ.

ಈ ಅದಲುಬದಲು ಸಾಧ್ಯವಾಗುವುದು ಎಂಜಿನ್ನುಗಳಿಗೂ ಮನೆತನವಿರುವುದರಿಂದ. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಹುಕಾಲ ಅದಕ್ಕೆ ಕೂರಿಸುತ್ತಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಅಲ್ಲಿಯ ‘ಬಿ ಸೀರೀಸ್’ ಮನೆತನದ್ದು. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಎರಡು ಸೀಟಿನ ಷೋಕಿ ಕಾರಿಗೂ ಅದೇ ಮನೆತನದ, ಅದೇ ಸಿಸಿಯ ಎಂಜಿನ್. 1962ರ ಎಂ.ಜಿ.ಬಿ.ಯದೂ ಇದೇ ಬಳಗ. ಆದರೆ 1964ರಲ್ಲಿ ಅದರ ಕ್ರ್ಯಾಂಕ್ ಶಾಫ್ಟನ್ನು ಮೂರು ಬೇರಿಂಗುಗಳ ಬದಲು ಐದರ ಮೇಲೆ ಕೂರಿಸಿದರು. ನೋಡಲು ಅಕ್ಕತಂಗಿಯರು, ಒಬ್ಬಳ ಶಾಫ್ಟು ಇನ್ನೊಬ್ಬಳಿಗೆ ಕೂರದು.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಟ್ಯಾಪೆಟ್ಟುಗಳ ವಿಷಯ. ಕ್ಯಾಮ್ ಶಾಫ್ಟ್ ಎಂದರೆ ಉಬ್ಬುಗಳಿರುವ ಲೋಹದ ದಂಡ. ಅದು ತಿರುಗಿದಾಗ ಒಂದೊಂದು ಉಬ್ಬೂ ತನ್ನ ಮೇಲಿನ ಟ್ಯಾಪೆಟ್ಟನ್ನು ಎತ್ತುತ್ತದೆ, ವಾಲ್ವು ತೆರೆಯುತ್ತದೆ. ಎಂಟು ಉಬ್ಬು, ಎಂಟು ಟ್ಯಾಪೆಟ್. ಕಾರ್ಖಾನೆಯಿಂದ ಬಂದಾಗ ಎಂಟೂ ಒಂದೇ. ವರ್ಷಗಟ್ಟಲೆ ಓಡಿದ ಮೇಲೆ ಪ್ರತಿಯೊಂದೂ ತನ್ನ ಉಬ್ಬಿಗೆ ತಕ್ಕಂತೆ ಸವೆದಿರುತ್ತದೆ. ಆಮೇಲೆ ಅದನ್ನು ಬೇರೆ ಕಾರಿಗಿರಲಿ, ಅದೇ ಎಂಜಿನ್ನಿನ ಪಕ್ಕದ ಉಬ್ಬಿನ ಮೇಲಿಟ್ಟರೂ ಎರಡೂ ಬೇಗ ಹಾಳಾಗುತ್ತವೆ. ಅದಕ್ಕೇ ಒಳ್ಳೆಯ ಮೆಕ್ಯಾನಿಕ್ ಬಿಚ್ಚುವಾಗಲೇ ಅವನ್ನು ಸಾಲಾಗಿ ಜೋಡಿಸಿಡುತ್ತಾನೆ. ನಮ್ಮ ಒರಳಿನ ಗುಂಡನ್ನು ಪಕ್ಕದ ಮನೆಯ ಒರಳಿಗಿಟ್ಟು ರುಬ್ಬಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ‘ತನ್ನದು’ ಎಂಬುದು ಹುಟ್ಟಿನಿಂದ ಬಂದದ್ದೋ, ಜೊತೆಗೆ ಸವೆದು ಬಂದದ್ದೋ?

ನನ್ನ ಓರಗಿತ್ತಿಗೆ ಇದು ಬರಿಯ ತರ್ಕವಾಗಿ ಉಳಿಯಲಿಲ್ಲ. ಭಾವನವರು ತೀರಿಕೊಂಡ ಮೇಲೆ ಅವರ ಅಂಬಾಸಿಡರನ್ನು ಮಾರುವುದು ಅನಿವಾರ್ಯವಾಯಿತು. ಅದರ ಕ್ರ್ಯಾಂಕ್ ಶಾಫ್ಟು ಗುಜರಿಗೆ ಹೋದ ಯಾವುದೋ ಟ್ಯಾಕ್ಸಿಯದು. ಕೂರಿಸಿ ಇಪ್ಪತ್ತು ವರ್ಷವಾಗಿದೆ. ಕೊಳ್ಳಲು ಬಂದವರೆಲ್ಲ ಕೇಳುವುದು ಒಂದೇ: “ಎಂಜಿನ್ ಒರಿಜಿನಲ್ಲೇನಮ್ಮಾ?”

“ನಂಬರು ತಾಳೆಯಾಗುತ್ತಲ್ಲ, ಹೌದು ಅಂದುಬಿಡಿ ಅತ್ತಿಗೆ. ಸುಳ್ಳೇನಲ್ಲ” ಎಂದರು ನನ್ನವರು. ನಿಜ, ಸುಳ್ಳಲ್ಲ. ಆದರೆ ಕೇಳಿದವರು ಒಂದನ್ನು ಕೇಳಿ, ನಾವು ಇನ್ನೊಂದಕ್ಕೆ ಉತ್ತರ ಕೊಟ್ಟರೆ ಅದನ್ನು ಏನೆನ್ನೋಣ?

ನನಗೆ ತೋರುವುದು, ಇಲ್ಲಿ ಎರಡು ಪ್ರಶ್ನೆಗಳು ಗಂಟುಬಿದ್ದಿವೆ. ಆ ಶಾಫ್ಟು ಈ ಕಾರಿನದೇ ಎನ್ನಲು ನನಗೆ ಅಳುಕಿಲ್ಲ. ಇಪ್ಪತ್ತು ವರ್ಷ ಮನೆಯವರನ್ನೆಲ್ಲ ಹೊತ್ತು ತಿರುಗಿದ್ದನ್ನು ಈಗ ‘ಹೊರಗಿನದು’ ಎನ್ನುವುದು ಕೃತಘ್ನತೆ. ಆದರೆ ನಮ್ಮದೆಂದು ಒಪ್ಪಿಕೊಂಡದ್ದನ್ನು ಮುಚ್ಚಿಡಬೇಕೇಕೆ? ಮುಚ್ಚಿಟ್ಟರೆ ಪೆಟ್ಟು ಬೀಳುವುದು ಎಲ್ಲೋ ಇರುವವರಿಗೆ. ಸವೆದ ಶಾಫ್ಟನ್ನು ಲೇತಿನವರು ಸಾಣೆ ಹಿಡಿದು ಕಿರಿದು ಮಾಡಿರುತ್ತಾರೆ, ಅದಕ್ಕೆ ಅಷ್ಟೇ ದಪ್ಪನೆಯ ಬೇರಿಂಗು ಬೇಕು. ‘ಎಲ್ಲ ಮೊದಲಿನದೇ’ ಎಂದು ನಂಬಿದವರು ಮಾಮೂಲಿ ಅಳತೆಯದನ್ನು ತಂದು, ಅಳೆದು ನೋಡದೆ ಹಾಕಿದರೆ ಸಡಿಲವಾಗಿ ಎಣ್ಣೆಯ ಒತ್ತಡ ಇಳಿಯುತ್ತದೆ, ಎಂಜಿನ್ ಕೆಡುತ್ತದೆ.

ಅಕ್ಕನಿಗೆ ಎಣ್ಣೆಯ ಒತ್ತಡದ ಲೆಕ್ಕ ಬೇಕಿರಲಿಲ್ಲ. “ಅವರು ಯಾರಿಗೂ ಮುಚ್ಚಿಟ್ಟು ಮಾಡಿಸಿದ್ದಲ್ಲ. ನಾನ್ಯಾಕೆ ಮುಚ್ಚಲಿ?” ಎಂದು, ಭಾವನವರ ಡೈರಿ ನೋಡಿ, ಏನೇನು ಬದಲಿಸಿದೆ, ಯಾವ ಅಳತೆಯದು ಎಂದೆಲ್ಲ ಹಾಳೆಯಲ್ಲಿ ಬರೆದು ಆರ್.ಸಿ. ಪುಸ್ತಕದೊಳಗಿಟ್ಟರು. ಕಳೆದ ವಾರ ಬಂದವರು ಅದನ್ನು ಎರಡು ಸಲ ಓದಿ, ಮನೆಯಲ್ಲಿ ಕೇಳಿ ಹೇಳುತ್ತೇವೆಂದು ಹೋದರು. ಇನ್ನೂ ಫೋನು ಬಂದಿಲ್ಲ.